ನೂರಕ್ಕೊಬ್ಬರೂ ಆರಿಸದವರು

ಹಲ್ಲು ಕಟ್ಟುವ ಆ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವರು ಆರು ಜನ. ಊರಿನ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಇಲ್ಲಿಗೆ ಕಳಿಸುತ್ತಿದ್ದರು. ಇಲ್ಲಿಂದ ಹಲ್ಲು ಹೋಗುತ್ತಿತ್ತು. ಅಚ್ಚಿಗೆ ಪ್ಲಾಸ್ಟರ್ ಹುಯ್ಯುವವನು ಗಾರೆಯಣ್ಣ. ಒಂಟಿ ಹಲ್ಲಿಗೆ ಪಿಂಗಾಣಿ ಹಚ್ಚಿ, ಸುಟ್ಟು, ಪಕ್ಕದ ಹಲ್ಲಿನ ಬಣ್ಣಕ್ಕೆ ಸರಿದೂಗಿಸುವವರು ಪಿಂಗಾಣಿ ಮೇಷ್ಟ್ರು. ಬೊಚ್ಚುಬಾಯಿಯವರಿಗೆ ಪೂರ್ತಿ ಸೆಟ್ಟು ಕೂರಿಸುವವಳು, ಅಂದರೆ ಗುಲಾಬಿ ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲನ್ನು ಊರಿ ಮೇಲಿನ ಸಾಲಿಗೆ ಕೆಳಗಿನ ಸಾಲು ಸರಿಯಾಗಿ ಕಚ್ಚುವಂತೆ ಮಾಡುವವಳು, ಹಲ್ಲಕ್ಕ. ಐವತ್ತೊಂದು ವರ್ಷದ, ಮೆಲುದನಿಯ ಹೆಂಗಸು. ಹದಿನಾಲ್ಕು ವರ್ಷದಿಂದ ಅವಳು ಒಳಗೋಡೆಯ ಮೂಲೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಕೂತು ಕೆಲಸ ಮಾಡುತ್ತಿದ್ದಳು.

ಟ್ಯೂಬ್‌ಲೈಟಿನ ಮಾತು ಯಾಕೆ ಬಂತೆಂದರೆ, ಲ್ಯಾಬಿಗೆ ಇದ್ದದ್ದು ಒಂದೇ ಕಿಟಕಿ. ಅದರ ಪಕ್ಕದ ಮೇಜಿಗೆ ಹಗಲೆಲ್ಲ ತಣ್ಣನೆಯ ಬೆಳಕು ಬೀಳುತ್ತಿತ್ತು. ಹಲ್ಲಿನ ಬಣ್ಣ ನೋಡಲು ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಆ ಮೇಜಿಗಾಗಿ ಹಿಂದೆ ಮಾತು ಬೆಳೆದು ಮುಖ ಊದಿಸಿಕೊಳ್ಳುವ ಮಟ್ಟಕ್ಕೆ ಹೋದದ್ದುಂಟು. ಕೊನೆಗೆ ಗಾರೆಯಣ್ಣನೇ ಒಂದು ದಾರಿ ಹುಡುಕಿದ್ದ: ಪ್ರತಿ ವರ್ಷ ಫೋನಿನಲ್ಲಿ ಫ್ಯಾಂಟಸಿ ಫುಟ್ಬಾಲ್ ಆಡುವುದು, ಗೆದ್ದವರಿಗೆ ಒಂದು ವರ್ಷ ಕಿಟಕಿ. ಸೋತವರಿಗೆ ಗುಂಡಿ. ಗುಂಡಿ ಎಂದರೆ ಕೈತೊಳೆಯುವ ತೊಟ್ಟಿಯ ಕೆಳಗೆ ಪ್ಲಾಸ್ಟರಿನ ರಾಡಿ ಬಂದು ಕೂರುವ ಡಬ್ಬ. ತಿಂಗಳಿಗೊಮ್ಮೆ ಅದನ್ನು ಬಗೆದು ತೊಳೆಯಬೇಕು. ಆ ವಾಸನೆ ಎರಡು ದಿನ ಕೈಬಿಡುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಹೇಳುವುದಾದರೆ ಇಷ್ಟೇ. ದೇಶದ ದೊಡ್ಡ ಲೀಗಿನಲ್ಲಿ ನಿಜವಾಗಿ ಆಡುವ ಆಟಗಾರರಲ್ಲಿ ಹನ್ನೊಂದು ಜನರನ್ನು ಆರಿಸಿ ನಿಮ್ಮದೊಂದು ತಂಡ ಕಟ್ಟಬೇಕು. ಅವರು ಮೈದಾನದಲ್ಲಿ ಗೋಲು ಹೊಡೆದರೆ, ಹೊಡೆಸಿದರೆ, ತಡೆದರೆ ನಿಮಗೆ ಅಂಕ. ಒಬ್ಬನನ್ನು ಕ್ಯಾಪ್ಟನ್ ಎಂದು ಗುರುತಿಸಿದರೆ ಅವನ ಅಂಕ ಎರಡರಷ್ಟು. ವಾರಕ್ಕೆ ಒಬ್ಬನನ್ನು ಬದಲಾಯಿಸಬಹುದು. ಹೆಸರುವಾಸಿಗಳ ಬೆಲೆ ಹೆಚ್ಚು, ಎಲ್ಲರನ್ನೂ ಬಾಚಿಕೊಳ್ಳಲಾಗದು. ಪ್ರತಿ ಆಟಗಾರನ ಹೆಸರಿನ ಕೆಳಗೆ ಒಂದು ಸಣ್ಣ ಅಂಕಿ ಇರುತ್ತದೆ: ಈ ಆಟ ಆಡುವವರಲ್ಲಿ ನೂರಕ್ಕೆ ಎಷ್ಟು ಮಂದಿ ಅವನನ್ನು ಆರಿಸಿದ್ದಾರೆ ಅಂತ.

ಹಲ್ಲಕ್ಕ ಇದುವರೆಗೆ ಇದರ ತಂಟೆಗೆ ಹೋದವಳಲ್ಲ. ಆ ವರ್ಷ ಗಾರೆಯಣ್ಣ ಗೋಗರೆದ.

"ಐದು ಜನಕ್ಕೆ ಆಟ ರುಚಿಸೊಲ್ಲ ಅಕ್ಕ. ನೀವು ಹೆಸರು ಕೊಡಿ ಸಾಕು, ತಂಡಾನ ಅದೇ ತುಂಬಿಕೊಳ್ಳುತ್ತೆ."

ಅದೇ ತುಂಬಿಕೊಂಡಿತು. ಏಳು ವಾರ ಕಳೆಯುವಷ್ಟರಲ್ಲಿ ಹಲ್ಲಕ್ಕ ಆರು ಜನರಲ್ಲಿ ಆರನೆಯವಳಾಗಿ ಗಟ್ಟಿಯಾಗಿ ಕೂತಿದ್ದಳು. ಹಿಂದಿನ ಎರಡು ವರ್ಷವೂ ಗೆದ್ದು ಕಿಟಕಿ ಹಿಡಿದಿದ್ದ ಪಿಂಗಾಣಿ ಮೇಷ್ಟ್ರು ಅವಳ ಮೇಜಿನ ಪಕ್ಕ ಹಾದುಹೋಗುವಾಗ, "ಅಕ್ಕ, ಒಂದು ಜೊತೆ ಉದ್ದನೆ ಕೈಗವಸು ಕೊಂಡಿಟ್ಕೊಳ್ಳಿ. ಗುಂಡಿಗೆ ಬೇಕಾಗುತ್ತೆ" ಎಂದರು. ಹಲ್ಲಕ್ಕ ನಕ್ಕು ಸುಮ್ಮನಾದಳು. ಸುಮ್ಮನಾಗುವುದರಲ್ಲಿ ಅವಳದು ಎತ್ತಿದ ಕೈ.

ಎಂಟನೆಯ ವಾರ ಅವಳ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು. ಮೂರು ತಿಂಗಳು ಮನೆಯಿಂದ ಹೊರಗೆ ಕಾಲಿಡುವಂತಿಲ್ಲ ಎಂದರು ಡಾಕ್ಟರು. ಅತ್ತೆಯ ಕೋಣೆಯಲ್ಲಿ ವಾಕರ್ ತಿರುಗಿಸುವಷ್ಟು ಜಾಗವಿರಲಿಲ್ಲ. ಲಿಫ್ಟ್ ರಿಪೇರಿ ಕೆಲಸದ ಮಗ, ಅಂದರೆ ಹಲ್ಲಕ್ಕನ ಗಂಡ, ಮಂಚವನ್ನು ಬಿಚ್ಚಿ ತಂದು ಹಾಲಿನಲ್ಲಿ, ಟೀವಿಯ ಎದುರಿಗೆ ಜೋಡಿಸಿದ. ಲಿಫ್ಟುಗಳು ರಜಾ ದಿನ ನೋಡಿಕೊಂಡೇ ಕೆಡುತ್ತವಾದ್ದರಿಂದ ಶನಿವಾರ ಭಾನುವಾರ ಅವನು ಮನೆಯಲ್ಲಿರುತ್ತಿದ್ದದ್ದು ಕಮ್ಮಿ. ಹಾಲಿನಲ್ಲಿ ಉಳಿಯುತ್ತಿದ್ದವರು ಅತ್ತೆ, ಸೊಸೆ, ಟೀವಿ.

ಇಪ್ಪತ್ತೇಳು ವರ್ಷ ಒಂದೇ ಸೂರಿನಡಿ ಇದ್ದರೂ ಅವರಿಬ್ಬರು ಜಗಳವಾಡಿದವರಲ್ಲ, ಮಾತಾಡಿದವರೂ ಅಲ್ಲ. ಹಾಲು ಬಂತಾ, ಗ್ಯಾಸ್ ಮುಗೀತು, ಬಾಗಿಲು ಹಾಕ್ಕೋ. ಇಷ್ಟರಲ್ಲೇ ಸಂಸಾರ ಸಾಗಿತ್ತು. ಅತ್ತೆ ಹಿಂದೆ ಒಂದು ಪ್ರಾಥಮಿಕ ಶಾಲೆಯಲ್ಲಿ ಮೂವತ್ತೊಂದು ವರ್ಷ ಆಯಾ ಆಗಿದ್ದರು. ಆಟದ ಬಿಡುವಿನಲ್ಲಿ ಅಂಗಳದಲ್ಲಿ ನಿಂತು ಇನ್ನೂರು ಮಕ್ಕಳನ್ನು ಕಾಯುವುದು ಅವರ ಕೆಲಸ. ಈಗ ಎಪ್ಪತ್ತಾರು ವರ್ಷ, ಕಣ್ಣು ಮಾತ್ರ ಇಂದಿಗೂ ಸೂಜಿ.

ಆ ಟೀವಿಯಲ್ಲಿ ಬಿಟ್ಟಿ ಸಿಗುತ್ತಿದ್ದದ್ದು ಒಂದೇ ಆಟದ ಚಾನೆಲ್ಲು. ದೊಡ್ಡ ತಂಡಗಳ ಪಂದ್ಯ ಅದರಲ್ಲಿ ಬರುತ್ತಿರಲಿಲ್ಲ. ಯಾರಿಗೂ ಬೇಡದ, ಕೆಳಗಿನ ಸಾಲಿನ ತಂಡಗಳ ಪಂದ್ಯವನ್ನು ಮಧ್ಯಾಹ್ನ ನಾಲ್ಕಕ್ಕೆ ತೋರಿಸುತ್ತಿದ್ದರು. ಬಂದರಿನ ತಂಡದ್ದಂತೂ ವಾರ ವಾರವೂ ಬರುತ್ತಿತ್ತು. ಸುಮ್ಮನೆ ಸೂರು ನೋಡುವುದಕ್ಕಿಂತ ಇದು ವಾಸಿ ಎಂದು ಅತ್ತೆ ನೋಡತೊಡಗಿದರು.

ಒಂದು ಶನಿವಾರ ಹಲ್ಲಕ್ಕ ಮಂಚದ ಕಾಲಬುಡದಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದಾಗ ಅತ್ತೆ ಕೇಳಿದರು: "ಆ ಬೋಳ ಯಾರೇ?"

"ಯಾವ ಬೋಳ, ಅತ್ತೆ?"

"ಚೆಂಡಿನ ಹತ್ತಿರ ಹುಡುಕಬೇಡ. ಎಡಗಡೆ ಗೆರೆ ಪಕ್ಕ ನೋಡು. ಶುರುನಲ್ಲಿ ಹಿಂದೆ ನಿಂತಿರ್ತಾನೆ. ಎಲ್ಲರೂ ಚೆಂಡು ನೋಡ್ತಿರೋವಾಗ ಕಳ್ಳ ಬೆಕ್ಕಿನ ಹಾಗೆ ಮುಂದೆ ಹೋಗಿರ್ತಾನೆ. ಹೋದ ವಾರಾನೂ ಹೀಗೇ ಮಾಡಿದ. ಮೂಲೆಯಿಂದ ಒದೆಯೋದೂ ಈಗ ಅವನೇ. ಮೊದಲು ಒದೀತಿದ್ದೋನು ಕುಂಟಿಕೊಂಡು ಹೋದನಲ್ಲ."

ಹಲ್ಲಕ್ಕ ಕೈ ಒರೆಸಿಕೊಂಡು ಫೋನು ತೆಗೆದಳು. ಬೋಳ ಇದ್ದ. ಪಟ್ಟಿಯಲ್ಲಿ ಅವನನ್ನು ಡಿಫೆಂಡರ್ ಎಂದು, ಅಂದರೆ ಹಿಂದೆ ನಿಂತು ಗೋಲು ತಡೆಯುವವನೆಂದು ಬರೆದಿದ್ದರು. ಕೆಳಗಿನ ಅಂಕಿ ಸೊನ್ನೆ ಪಾಯಿಂಟ್ ಎಂಟು. ನೂರಕ್ಕೊಬ್ಬರೂ ಅವನನ್ನು ಆರಿಸಿರಲಿಲ್ಲ. ನಿಯಮದ ಪುಟ ತೆಗೆದು ಮೊದಲ ಸಲ ಪೂರ್ತಿ ಓದಿದಳು. ಡಿಫೆಂಡರ್ ಗೋಲು ಹೊಡೆದರೆ ಮುಂದಿನ ಸಾಲಿನವನಿಗೆ ಸಿಗುವುದಕ್ಕಿಂತ ಹೆಚ್ಚು ಅಂಕ. ತಂಡ ಗೋಲು ಬಿಟ್ಟುಕೊಡದಿದ್ದರೆ ಅದಕ್ಕೆ ಬೇರೆ ನಾಲ್ಕು. ಹೆಸರಿಗೆ ಹಿಂದಿನವನು, ಆಡುವುದು ಮುಂದೆ. ಎರಡು ಕಡೆಯಿಂದಲೂ ಬಾಚಬಹುದು.

"ಅತ್ತೆ, ಇವನನ್ನ ತಗೊಳ್ಳಲಾ?"

"ಎಲ್ಲಿಗೆ ತಗೊಳ್ತೀಯ?"

ಹಲ್ಲಕ್ಕ ಆಟವನ್ನು ವಿವರಿಸಿದಳು. ಕಿಟಕಿಯ ಮಾತು, ಗುಂಡಿಯ ಮಾತು, ಕೈಗವಸಿನ ಮಾತು ಎಲ್ಲ ಹೇಳಿದಳು. ಮದುವೆಯಾದ ಮೇಲೆ ಅತ್ತೆಯ ಜೊತೆ ಒಂದೇ ಉಸಿರಿಗೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಅತ್ತೆ ಕೇಳಿ ಮುಗಿಸಿ, "ಎಲ್ಲರ ಹತ್ತಿರಾನೂ ಇರೋರು ಗೋಲು ಹೊಡೆದ್ರೆ ನಿನಗೇನು ಲಾಭ? ಊರಿಗೆಲ್ಲ ಬಡಿಸಿದ ಊಟದಲ್ಲಿ ನಿನಗೊಬ್ಬಳಿಗೇ ಹೊಟ್ಟೆ ತುಂಬುತ್ತಾ?" ಎಂದರು.

ಗಾರೆಯಣ್ಣ ಪ್ರತಿ ಶುಕ್ರವಾರ ಎಲ್ಲರ ಬದಲಾವಣೆಗಳನ್ನು ಓದಿ ಹೇಳುತ್ತಿದ್ದ. ಆ ಶುಕ್ರವಾರ ಬೋಳನ ಹೆಸರು ಬಂದಾಗ ಲ್ಯಾಬಿನಲ್ಲಿ ಯಂತ್ರದ ಸದ್ದು ಮೀರಿ ನಗು ಎದ್ದಿತು.

"ಬಂದರಿನ ತಂಡವೇ ತೂತು ದೋಣಿ," ಎಂದರು ಪಿಂಗಾಣಿ ಮೇಷ್ಟ್ರು. "ಅದರಲ್ಲೂ ಹಿಂದಿನ ಸೀಟಿನವನನ್ನ ಆರಿಸಿದ್ದೀರಲ್ಲ ಅಕ್ಕ."

ಮರುದಿನ ಬೋಳ ಒಂದು ಗೋಲು ಹೊಡೆದು ಇನ್ನೊಂದನ್ನು ಹೊಡೆಸಿದ. ಬಂದರಿನವರು ಗೋಲು ಬಿಟ್ಟುಕೊಡಲೂ ಇಲ್ಲ. ಅವನೊಬ್ಬನಿಂದಲೇ ಹದಿನೈದು ಅಂಕ. ಸೋಮವಾರ ಲ್ಯಾಬಿಗೆ ಬಂದ ಹಲ್ಲಕ್ಕನ ಮುಖ ನೋಡಿ ಗಾರೆಯಣ್ಣ, "ಏನಕ್ಕ, ನಿಮ್ಮ ಬಾಯಲ್ಲಿ ಇಷ್ಟು ಹಲ್ಲಿದೆ ಅಂತ ಗೊತ್ತೇ ಇರ್ಲಿಲ್ಲ" ಎಂದ.

ಅಲ್ಲಿಂದ ಶನಿವಾರ ಭಾನುವಾರಕ್ಕೆ ಕಳೆ ಬಂತು. ನಾಲ್ಕಕ್ಕೆ ಮೊದಲು ಅಡುಗೆಮನೆ ಕೆಲಸ ಮುಗಿಯಬೇಕು. ಅತ್ತೆಯ ಬೆನ್ನಿಗೆ ಎರಡು ದಿಂಬು, ಸೊಸೆಗೆ ಮೊಣಕಾಲ ಮೇಲೆ ಒಂದು ಹಳೆಯ ಕ್ಯಾಲೆಂಡರಿನ ಹಾಳೆ, ಕಿವಿಯ ಮೇಲೆ ಪೆನ್ಸಿಲ್ಲು. ಆಟಗಾರರ ಹೆಸರು ಅತ್ತೆಯ ನಾಲಿಗೆಗೆ ಹೊರಳುತ್ತಿರಲಿಲ್ಲ. ಹಾಗಾಗಿ ಅವರೇ ಹೆಸರಿಟ್ಟರು: ಬೋಳ, ಗಂಟುಮೋರೆ, ಹಿಟ್ಟಿನ ಚೀಲ, ಕೊಕ್ಕರೆ.

ಕೊಕ್ಕರೆ ಬಂದರಿನ ತಂಡದಲ್ಲಿ ಬೆಂಚಿನ ಮೇಲೆ ಕೂರುತ್ತಿದ್ದ ಉದ್ದ ಕಾಲಿನ ಹುಡುಗ. ಮೊದಲು ಕೊನೆಯ ಐದು ನಿಮಿಷಕ್ಕೆ ಅವನನ್ನು ಇಳಿಸುತ್ತಿದ್ದರು, ಆಮೇಲೆ ಹದಿನೈದು ನಿಮಿಷಕ್ಕೆ. ಒಂದು ಭಾನುವಾರ ಅರ್ಧ ಆಟವಾಗುವ ಮೊದಲೇ ಅವನು ಗೆರೆಯಾಚೆ ಓಡಾಡುತ್ತ ಮೈ ಬಿಸಿ ಮಾಡಿಕೊಳ್ಳತೊಡಗಿದ.

"ಮುಂದಿನ ವಾರ ಇವನನ್ನ ಮೊದಲಿಂದಾನೇ ಆಡಿಸ್ತಾರೆ," ಎಂದರು ಅತ್ತೆ.

"ಹೇಗೆ ಹೇಳ್ತೀರಿ?"

"ಕೋಚು ಅವನ ಹೆಗಲ ಮೇಲೆ ಕೈ ಹಾಕಿ ಮಾತಾಡ್ತಿದ್ದಾನೆ. ಮುಂಚೆ ದೂರದಿಂದ ಕೈ ಸನ್ನೆ ಮಾಡ್ತಿದ್ದ. ಗಲಾಟೆ ಮಾಡೋ ಮಕ್ಕಳನ್ನ ಎಲ್ಲರೂ ನೋಡ್ತಾರೆ ಕಣೇ. ಮೂಲೇಲಿ ನಿಂತಿರೋರನ್ನ ನೋಡೋಕೇ ನನಗೆ ಸಂಬಳ ಕೊಡ್ತಿದ್ದದ್ದು."

ಕೊಕ್ಕರೆಯನ್ನು ಆರಿಸಿದ್ದವರು ಇನ್ನೂರಕ್ಕೊಬ್ಬರೂ ಇರಲಿಲ್ಲ. ಹಲ್ಲಕ್ಕ ತೆಗೆದುಕೊಂಡಳು. ಅವನು ಮೊದಲಿನಿಂದಲೇ ಆಡಿದ, ಎರಡು ಗೋಲು ಹೊಡೆದ.

ಎಲ್ಲವೂ ಹೀಗೇ ನಡೆಯಿತೆಂದಲ್ಲ. ಎದುರಾಳಿ ಬಿದ್ದರೆ ಕೈಕೊಟ್ಟು ಎಬ್ಬಿಸುತ್ತಿದ್ದ ಒಬ್ಬ ಗೋಲ್‌ಕೀಪರ್ ಅತ್ತೆಯ ಮನಸ್ಸು ಗೆದ್ದುಬಿಟ್ಟ. "ಎಂಥ ಸಂಭಾವಿತ ನೋಡು" ಎಂದು ಅವನನ್ನು ತೆಗೆದುಕೊಳ್ಳುವವರೆಗೂ ಬಿಡಲಿಲ್ಲ. ಆ ಸಂಭಾವಿತ ಮರುವಾರವೇ ಐದು ಗೋಲು ಬಿಟ್ಟುಕೊಟ್ಟು, ಹೊಡೆದವರಿಗೆಲ್ಲ ಕೈಕುಲುಕಿ ಬಂದ. ಅತ್ತೆ, "ಒಳ್ಳೆಯವನೇ. ಕೈ ಮಾತ್ರ ಜರಡಿ" ಎಂದರು. ಇಬ್ಬರಿಗೂ ನಗು ಶುರುವಾಯಿತು. ಅತ್ತೆಗೆ ಹೊಲಿಗೆ ಎಳೆದು, "ನಗಿಸಬೇಡ್ವೇ, ಸೊಂಟ ಬಿಚ್ಚಿಕೊಳ್ಳುತ್ತೆ" ಎನ್ನುವಾಗ ಗಂಡ ಒಳಗೆ ಬಂದ. ಗ್ರೀಸು ಮೆತ್ತಿದ ಕೈ ಹಿಡಿದುಕೊಂಡು ಬಾಗಿಲಲ್ಲೇ ನಿಂತ. ಅಮ್ಮನೂ ಹೆಂಡತಿಯೂ ಒಟ್ಟಿಗೆ ನಗುವುದನ್ನು ಅವನು ಕಂಡೇ ಇರಲಿಲ್ಲ.

"ಏನಾಯ್ತು?" ಎಂದ.

"ನಿನಗೆ ಹೇಳಿದ್ರೆ ಅರ್ಥ ಆಗೊಲ್ಲ. ಕೈ ತೊಳಕೋ ಹೋಗು," ಎಂದರು ಅತ್ತೆ.

ಲೀಗು ಒಟ್ಟು ಇಪ್ಪತ್ತೆರಡು ವಾರದ್ದು. ಹದಿನೇಳನೆಯ ವಾರದ ಹೊತ್ತಿಗೆ ಹಲ್ಲಕ್ಕ ಆರರಿಂದ ಎರಡಕ್ಕೆ ಏರಿದ್ದಳು. ಮುಂದೆ ಇದ್ದವರು ಪಿಂಗಾಣಿ ಮೇಷ್ಟ್ರು ಒಬ್ಬರೇ. ಕೈಗವಸಿನ ಮಾತು ನಿಂತಿತು. ಬದಲಿಗೆ ಒಂದು ದಿನ ಅವರು ತಮ್ಮ ಟೀ ಲೋಟ ಹಿಡಿದು ಅವಳ ಮೇಜಿನ ಬಳಿ ಬಂದು ಕೂತರು.

"ಹಿತಕ್ಕೆ ಹೇಳ್ತೀನಿ ಅಕ್ಕ. ಆ ಉದ್ದ ಹುಡುಗ ಮೂರು ವಾರದಿಂದ ಗೋಲು ಹೊಡೆದಿಲ್ಲ. ಅವನದು ಮುಗೀತು. ಗಿರಣಿ ತಂಡದ ಫಾರ್ವರ್ಡನ್ನ ತಗೊಳ್ಳಿ. ನೂರಕ್ಕೆ ಅರವತ್ತು ಜನ ಅವನನ್ನ ಇಟ್ಟುಕೊಂಡಿದ್ದಾರೆ. ಅಷ್ಟು ಜನ ದಡ್ಡರಾ?"

ಮೇಷ್ಟ್ರು ಮೋಸಕ್ಕೆ ಹೇಳಿದ್ದಲ್ಲ. ಅವರು ನಂಬಿದ್ದೇ ಹಾಗೆ. ಹಲ್ಲಕ್ಕನ ಮನಸ್ಸು ಅಲ್ಲಾಡಿತು. ಅರವತ್ತು ಜನ ಎನ್ನುವ ಮಾತು ದೊಡ್ಡದು. ಅತ್ತೆಗೆ ಹೇಳದೆ ಕೊಕ್ಕರೆಯನ್ನು ಬಿಟ್ಟು ಗಿರಣಿಯವನನ್ನು ಹಾಕಿಕೊಂಡಳು.

ಶನಿವಾರ ಕೊಕ್ಕರೆ ಮೂರು ಗೋಲು ಹೊಡೆದ. ಮೊದಲನೆಯದಕ್ಕೆ ಅತ್ತೆ ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೆ ದಿಂಬು ಗುದ್ದಿದರು. ಮೂರನೆಯದಾದ ಮೇಲೆ ಸೊಸೆಯ ಕಡೆ ತಿರುಗಿದರು. ಸೊಸೆ ಪೆನ್ಸಿಲ್ಲಿನ ತುದಿ ನೋಡುತ್ತ ಕೂತಿದ್ದಳು.

"ಯಾಕೇ, ಬರೆದುಕೊಳ್ಳಲ್ವಾ?"

"ಅವನನ್ನ ಬಿಟ್ಟುಬಿಟ್ಟೆ ಅತ್ತೆ. ಮೇಷ್ಟ್ರು ಹೇಳಿದ್ರು."

ಅತ್ತೆ ರಿಮೋಟು ಎತ್ತಿ ಟೀವಿ ಆಫ್ ಮಾಡಿದರು. ಆಟ ಇನ್ನೂ ಇಪ್ಪತ್ತು ನಿಮಿಷ ಬಾಕಿಯಿತ್ತು.

ಮನೆಗೆ ಮತ್ತೆ ಹಳೆಯ ಭಾಷೆ ಬಂತು. ಹಾಲು ಬಂತಾ, ಗ್ಯಾಸ್ ಮುಗೀತು. ಹಲ್ಲಕ್ಕನಿಗೆ ಇಪ್ಪತ್ತೇಳು ವರ್ಷ ಸಾಕಾಗಿದ್ದ ಆ ಭಾಷೆ ಈಗ ನಾಲ್ಕು ದಿನಕ್ಕೇ ಸಾಲದಾಯಿತು. ಬುಧವಾರ ಸಂಜೆ ಅವಳು ಬೋಗುಣಿಯಲ್ಲಿ ಬಿಸಿನೀರು ತಂದು, ಬಗ್ಗಲಾಗದ ಅತ್ತೆಯ ಕಾಲನ್ನು ನೆನೆಸಿ, ಉಗುರು ಕತ್ತರಿಸಲು ಕೂತಳು. ಮೂರು ಬೆರಳು ಮುಗಿದ ಮೇಲೆ, "ತಪ್ಪಾಯ್ತು ಅತ್ತೆ" ಎಂದಳು.

"ಅವನ್ಯಾರೋ ಹೇಳಿದ್ದು ಕೇಳಿದೆ. ನನ್ನನ್ನ ಒಂದು ಮಾತು ಕೇಳಲಿಲ್ಲ."

ಹಲ್ಲಕ್ಕ ಉಗುರು ಕತ್ತರಿಯನ್ನು ಕೆಳಗಿಟ್ಟಳು. ಮೆಲುದನಿಯಲ್ಲೇ ಮಾತು ಬಂತು, ಆದರೆ ತಡೆಯಿಲ್ಲದೆ ಬಂತು. "ಈ ಮನೆಯಲ್ಲಿ ನನ್ನನ್ನ ಯಾರು ಏನು ಕೇಳಿದ್ರು ಅತ್ತೆ? ಶಾಲೆ ಅಂಗಳದಲ್ಲಿ ಮೂಲೇಲಿ ನಿಂತಿದ್ದ ಮಕ್ಕಳೆಲ್ಲ ನಿಮ್ಮ ಕಣ್ಣಿಗೆ ಬೀಳ್ತಿದ್ರು. ಈ ಮನೆ ಮೂಲೇಲಿ ನಾನೂ ಒಬ್ಬಳು ನಿಂತಿದ್ದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು."

ಅತ್ತೆ ಬೆನ್ನ ಹಿಂದಿನ ದಿಂಬನ್ನು ಸರಿಮಾಡಿಕೊಂಡರು.

"ನೋಡ್ತಿದ್ದೆ," ಎಂದರು ಆಮೇಲೆ. "ನಾನು ಸ್ನಾನಕ್ಕೆ ಹೋದಾಗ ಮಾತ್ರ ನೀನು ಒಲೆ ಒರೆಸ್ತಾ ಹಾಡ್ತೀಯ. ಎರಡನೇ ಸಾಲಲ್ಲಿ ಯಾವಾಗಲೂ ಶ್ರುತಿ ತಪ್ಪುತ್ತೆ. ನಿನಗೆ ಬೇಜಾರಾದ ದಿನ ಚಪ್ಪಲೀನ ಜೋಡಿಸಿ ಇಡಲ್ಲ. ನಿಮ್ಮಮ್ಮ ಹೋದ ವರ್ಷವೆಲ್ಲ ಬಾಗಿಲಲ್ಲಿ ಚಪ್ಪಲಿ ಚೆಲ್ಲಾಪಿಲ್ಲಿ ಬಿದ್ದಿರ್ತಿತ್ತು. ನಾನೇ ಜೋಡಿಸ್ತಿದ್ದೆ."

ಹಲ್ಲಕ್ಕ ತಲೆ ಎತ್ತಿದಳು. ಆ ವರ್ಷ ಚಪ್ಪಲಿ ತಾನೇ ಜೋಡಿಸಿಡುತ್ತಿದ್ದೆ ಎಂದುಕೊಂಡಿದ್ದಳು.

"ಮತ್ತೆ ಒಂದು ಸಲ ಕರೆದು ಮಾತಾಡಿಸಬಹುದಿತ್ತಲ್ಲ."

"ಸುಮ್ಮನಿರೋ ಮಗೂನ ಎಲ್ಲರೆದುರು ಕರೆದ್ರೆ ಇನ್ನೂ ಮುದುಡಿಕೊಳ್ಳುತ್ತೆ. ಅದು ಅಂಗಳದ ಪಾಠ. ಮನೆಗೂ ಅದೇ ಪಾಠ ಅಂದುಕೊಂಡೆ. ತಪ್ಪೇ ಇರಬಹುದು." ಅತ್ತೆ ಇನ್ನೊಂದು ಕಾಲನ್ನು ಮುಂದೆ ಚಾಚಿದರು. "ಕೊಕ್ಕರೇನ ವಾಪಸ್ ತಗೋ. ಈ ಕಾಲಿನ ಹೆಬ್ಬೆರಳಲ್ಲಿ ಉಗುರು ಒಳಗೆ ಹೋಗಿದೆ, ನಿಧಾನ."

ಕೊಕ್ಕರೆ ವಾಪಸ್ ಬಂದ. ಕಳೆದುಕೊಂಡ ಅಂಕಗಳನ್ನು ತಿರುಗಿ ಕೂಡಿಹಾಕಲು ಮೂರು ವಾರ ಬೇಕಾಯಿತು. ಕೊನೆಯ ವಾರಕ್ಕೆ ಬಂದಾಗ ಪಿಂಗಾಣಿ ಮೇಷ್ಟ್ರು ಹತ್ತು ಅಂಕ ಮುಂದಿದ್ದರು.

ಆ ಲೀಗಿನಲ್ಲಿ ಚಿನ್ನದ ಕಾಲು ಎಂದು ಎಲ್ಲರೂ ಕರೆಯುತ್ತಿದ್ದ ಒಬ್ಬ ಆಟಗಾರನಿದ್ದ. ನೂರಕ್ಕೆ ತೊಂಬತ್ತು ಜನರ ತಂಡದಲ್ಲಿ ಅವನು, ಬಹುಪಾಲು ಜನರಿಗೆ ಅವನೇ ಕ್ಯಾಪ್ಟನ್. ಮೇಷ್ಟ್ರಿಗೂ ಅವನೇ, ಹಲ್ಲಕ್ಕನಿಗೂ ಅವನೇ. ಗುರುವಾರ ಸಂಜೆಯ ವಾರ್ತೆಯಲ್ಲಿ ಅವನ ಸಂದರ್ಶನ ಬಂತು. ಚಿನ್ನದ ಕಾಲು ನಗುತ್ತ ಮಾತಾಡಿದ, ಬಾಟಲಿ ಎತ್ತಿ ನೀರು ಕುಡಿದ. ಹಲ್ಲಕ್ಕ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

"ಅತ್ತೆ, ಇವನಿಗೆ ಬಲಗಡೆ ಕೊನೇ ಹಲ್ಲು ಕೀವಾಗಿದೆ."

"ನಿನಗೆ ಹೇಗೆ ಗೊತ್ತು?"

"ನೀರು ಕುಡಿಯೋವಾಗ ತಲೆ ಎಡಕ್ಕೆ ವಾಲಿಸಿದ. ನಕ್ಕಾಗ ಬಲಗೆನ್ನೆ ಮೇಲೇಳಲೇ ಇಲ್ಲ. ದವಡೆ ಮೂಲೇಲಿ ಚೂರು ಬಾತಿದೆ. ಹದಿನಾಲ್ಕು ವರ್ಷದಿಂದ ದವಡೇನೇ ನೋಡ್ತಿದ್ದೀನಿ ನಾನು."

"ಹಲ್ಲುನೋವಿದ್ರೆ ಓಡಕ್ಕಾಗಲ್ವಾ?"

"ಓಡಬಹುದು. ಆದ್ರೆ ಒಂದೊಂದು ಹೆಜ್ಜೆಗೂ ತಲೆಗೆ ಸುತ್ತಿಗೆ ಹೊಡೆದ ಹಾಗಿರುತ್ತೆ. ಅವರ ತಂಡ ಹೇಗೂ ಕಪ್ಪು ಗೆದ್ದಾಗಿದೆ. ನಾನಾಗಿದ್ರೆ ಆಡಿಸ್ತಿರ್ಲಿಲ್ಲ." ಫೋನು ಕೈಗೆತ್ತಿಕೊಂಡು ಕೇಳಿದಳು: "ಇವನನ್ನ ಬಿಟ್ಟು ಬೋಳನ್ನ ಕ್ಯಾಪ್ಟನ್ ಮಾಡಲಾ?"

ಅತ್ತೆ ಯೋಚಿಸಲೂ ಇಲ್ಲ. "ಹಲ್ಲಿನ ವಿಷಯದಲ್ಲಿ ನೀನು ಹೇಳಿದ್ದೇ ಆಯ್ತು. ನನ್ನ ಬಾಯಲ್ಲಿರೋದು ನಿನ್ನ ಕೈಕೆಲಸ. ಹನ್ನೊಂದು ವರ್ಷದಲ್ಲಿ ಒಂದು ದಿನ ಒಸಡು ಕಚ್ಚಿಲ್ಲ."

"ಇದನ್ನ ಹನ್ನೊಂದು ವರ್ಷದ ಹಿಂದೆ ಹೇಳಬಹುದಿತ್ತು."

"ಬಾಯಲ್ಲಿ ಹೊಸ ಹಲ್ಲಿತ್ತಲ್ಲ, ಮಾತಾಡಕ್ಕೆ ಆಗ್ತಿರ್ಲಿಲ್ಲ."

ಕೊನೆಯ ಭಾನುವಾರ ಎಲ್ಲ ಪಂದ್ಯಗಳೂ ನಾಲ್ಕಕ್ಕೇ. "ಆ ಪಿಂಗಾಣಿಯವರನ್ನ ನಾನು ಕಣ್ಣಾರೆ ನೋಡಬೇಕು" ಎಂದು ಅತ್ತೆ ಹಟ ಹಿಡಿದಿದ್ದರಿಂದ ಲ್ಯಾಬಿನವರೆಲ್ಲ ಹಲ್ಲಕ್ಕನ ಮನೆಗೇ ಬಂದರು. ಪಕ್ಕದ ಮನೆಯಿಂದ ಕುರ್ಚಿ ತಂದರೂ ಸಾಲದೆ ಗಾರೆಯಣ್ಣ ನೆಲದ ಮೇಲೆ ಕೂತ. ಆ ದಿನ ಒಂದೂ ಲಿಫ್ಟ್ ಕೆಟ್ಟಿರಲಿಲ್ಲ. ಗಂಡ ಎಲ್ಲರಿಗೂ ಚಹಾ ಮಾಡಿ ಹಂಚಿದ.

ಮೂರು ಗಂಟೆಗೆ ತಂಡಗಳ ಪಟ್ಟಿ ಹೊರಬಿತ್ತು. ಬದಲಾಯಿಸುವ ಗಡುವು ಅಷ್ಟರಲ್ಲಿ ಮುಗಿದಿತ್ತು. ಫೋನು ನೋಡಿದ ಮೇಷ್ಟ್ರ ಮುಖ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತು.

"ಚಿನ್ನದ ಕಾಲು ಬೆಂಚಿನ ಮೇಲಿದ್ದಾನೆ."

"ಹಲ್ಲುನೋವು," ಎಂದರು ಅತ್ತೆ.

"ನಿಮಗೆ ಯಾರು ಹೇಳಿದ್ರು?"

"ನನ್ನ ಸೊಸೆ. ನೀವೂ ಹಲ್ಲಿನ ಕೆಲಸದವರೇ ಅಲ್ವಾ? ಸಂದರ್ಶನ ನೋಡಲಿಲ್ವಾ?"

"ನೋಡಿದೆ," ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ. "ಮುಂದಿನ ಹಲ್ಲಿನ ಬಣ್ಣ ನೋಡ್ತಿದ್ದೆ."

ಮೇಷ್ಟ್ರಿಗೆ ಇನ್ನೊಂದು ಆಸೆ ಇತ್ತು. ಕ್ಯಾಪ್ಟನ್ ಮೈದಾನಕ್ಕೆ ಕಾಲೇ ಇಡದಿದ್ದರೆ ಉಪನಾಯಕನ ಅಂಕ ಎರಡರಷ್ಟಾಗುತ್ತದೆ. ಅವರ ಉಪನಾಯಕ ಆಗಲೇ ಒಂದು ಗೋಲು ಹೊಡೆದಿದ್ದ. ಆದರೆ ಆಟ ಮುಗಿಯಲು ಐದು ನಿಮಿಷ ಇದ್ದಾಗ ಪ್ರೇಕ್ಷಕರ ಕೂಗಿಗೆ ಸೋತು ಕೋಚು ಚಿನ್ನದ ಕಾಲನ್ನು ಇಳಿಸಿಯೇ ಬಿಟ್ಟ. ಮೇಷ್ಟ್ರ ಫೋನಿನಲ್ಲಿ ಅವನು ಕೆನ್ನೆ ಹಿಡಿದುಕೊಂಡೇ ಬಂದ, ಚೆಂಡನ್ನು ಒಮ್ಮೆ ಮುಟ್ಟಿದ. ಒಂದು ಅಂಕ, ಎರಡರಷ್ಟಾಗಿ ಎರಡು. ಗಾರೆಯಣ್ಣ ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕ.

ಇಲ್ಲಿ ಟೀವಿಯಲ್ಲಿ ಬಂದರಿನ ತಂಡದ ಪಂದ್ಯ ಸೊನ್ನೆಗೆ ಸೊನ್ನೆಯಲ್ಲೇ ಎಳೆಯುತ್ತಿತ್ತು. ಮೇಷ್ಟ್ರು ಪೆನ್ಸಿಲ್ ಹಿಡಿದು ಕೂಡಿ ಕಳೆದರು. ಬಂದರಿನವರು ಇನ್ನೂ ಗೋಲು ಬಿಟ್ಟುಕೊಡದ್ದರಿಂದ ಬೋಳನಿಗೆ ಬರುವ ಅಂಕವನ್ನು ಎರಡರಷ್ಟು ಮಾಡಿ ಸೇರಿಸಿದ ಮೇಲೂ ಮೇಷ್ಟ್ರೇ ಆರು ಅಂಕ ಮುಂದೆ. ಆಗ ಬಂದರಿನವರಿಗೆ ಒಂದು ಕಾರ್ನರ್ ಸಿಕ್ಕಿತು. ಬೋಳ ಮೂಲೆಗೆ ಹೋಗಿ ಚೆಂಡನ್ನು ಮೂರು ಸಲ ತಿರುಗಿಸಿ ಇಟ್ಟ. ಒದ್ದ. ಚೆಂಡು ಗುಂಪಿನ ಮೇಲೆ ಹಾರಿ ಬಂತು. ಯಾರ ತಲೆಗೂ ಸಿಗಲಿಲ್ಲ. ಯಾರನ್ನೋ ತಪ್ಪಿಸಿಕೊಳ್ಳಲು ತಿರುಗಿದ್ದ ಕೊಕ್ಕರೆಯ ಬೆನ್ನಿಗೆ ಬಡಿದು ಗೋಲಿನೊಳಗೆ ಉರುಳಿತು.

ಕೊಕ್ಕರೆಗೇ ಗೊತ್ತಾಗಲಿಲ್ಲ. ಜೊತೆಯವರು ಬಂದು ಮೈಮೇಲೆ ಬಿದ್ದ ಮೇಲೆ ಅವನೂ ಕೈ ಎತ್ತಿದ. ಗೋಲು ಹೊಡೆದವನಿಗೆ ನಾಲ್ಕು, ಹೊಡೆಸಿದ ಬೋಳನಿಗೆ ಮೂರರ ಎರಡರಷ್ಟು ಆರು. ಹಲ್ಲಕ್ಕ ನಾಲ್ಕು ಅಂಕ ಮುಂದೆ. ಆದರೆ ಈಗ ಎದುರಾಳಿಗಳು ಒಂದು ಗೋಲು ಹೊಡೆದರೆ ಬೋಳನ ಎಂಟು ಅಂಕ ಹೋಗುತ್ತದೆ, ಕಿಟಕಿಯೂ ಹೋಗುತ್ತದೆ. ರೆಫರಿ ಇನ್ನೂ ನಾಲ್ಕು ನಿಮಿಷ ಕೊಟ್ಟ.

ಕೊನೆಯ ನಿಮಿಷದಲ್ಲಿ ಎದುರಾಳಿ ಹೊಡೆದ ಚೆಂಡು ಕೀಪರನ್ನೂ ದಾಟಿ ಹೋಯಿತು. ಎಲ್ಲಿಂದ ಓಡಿಬಂದನೋ ಬೋಳ, ಗೆರೆಯ ಮೇಲೆ ಮಲಗಿದಂತೆ ಬಿದ್ದು ಅದನ್ನು ಹೊರಗೆ ತಳ್ಳಿದ. ರೆಫರಿ ಸೀಟಿ ಊದಿದ. ಅತ್ತೆ ಯಾರ ಕೈಯನ್ನೂ ಹಿಡಿಯದೆ, ವಾಕರನ್ನೂ ಮುಟ್ಟದೆ ಎದ್ದು ನಿಂತಿದ್ದರು. ನಿಂತಿದ್ದೇನೆಂದು ಅರಿವಾದ ಮೇಲೆ "ಅಯ್ಯೋ, ಹಿಡ್ಕೊಳ್ಳೇ" ಎಂದರು. ಹಲ್ಲಕ್ಕ ಹಿಡಿದುಕೊಂಡಳು. ಇಬ್ಬರೂ ಹಾಗೇ ನಿಂತು ನಕ್ಕರು, ಅತ್ತರು. ಮೇಷ್ಟ್ರು ತಮ್ಮ ಲೋಟವನ್ನು ಕೆಳಗಿಟ್ಟು ಬಂದು, "ಅಕ್ಕ, ಕಿಟಕಿ ನಿಮ್ಮದು" ಎಂದು ಕೈ ಮುಗಿದರು.

ಸೋಮವಾರವೇ ಹಲ್ಲಕ್ಕ ತನ್ನ ಮೇಣದ ಡಬ್ಬಿ, ಚಾಕು, ಸ್ಪಿರಿಟ್ ದೀಪವನ್ನೆಲ್ಲ ಕಿಟಕಿಗೆ ಸಾಗಿಸಿದಳು. ಬಣ್ಣದ ಕೆಲಸ ಮೇಷ್ಟ್ರದ್ದಲ್ಲವೇ, ಮೇಜು ಅವರಿಗೇ ಬಿಟ್ಟುಕೊಡಬಹುದಲ್ಲ ಎಂದು ಒಬ್ಬರು ರಾಗ ಎಳೆದರು. "ಬಣ್ಣ ನೋಡಬೇಕಾದಾಗ ಇಲ್ಲಿಗೆ ಬರಲಿ, ನಾನು ಸರಿದುಕೊಳ್ತೀನಿ" ಎಂದಳು ಹಲ್ಲಕ್ಕ. ಮೇಷ್ಟ್ರು ದಿನಕ್ಕೆ ಹತ್ತು ಸಲ ಬಂದರು. ಅವಳು ಹತ್ತು ಸಲವೂ ಸರಿದುಕೊಂಡಳು, ಹತ್ತು ಸಲವೂ ವಾಪಸ್ ಕೂತಳು. ಗುಂಡಿ ಗಾರೆಯಣ್ಣನ ಪಾಲಿಗೆ ಬಂತು.

ಆ ವಾರ ಡಾಕ್ಟರು ಅತ್ತೆಗೆ ಹೊರಗೆ ಓಡಾಡಲು ಅಪ್ಪಣೆ ಕೊಟ್ಟರು. ಶನಿವಾರ ನಾಲ್ಕಕ್ಕೆ ಟೀವಿಯಲ್ಲಿ ಆಟವಿರಲಿಲ್ಲ. ಇಬ್ಬರೂ ಮೆಲ್ಲಗೆ ಮೆಟ್ಟಿಲಿಳಿದು, ವಾಕರ್ ಊರಿಕೊಂಡು ಬೀದಿಯ ತುದಿಯ ಬಸ್ ನಿಲ್ದಾಣದವರೆಗೆ ಬಂದರು. ದಾರಿಯುದ್ದಕ್ಕೂ ಆ ಸಂಭಾವಿತ ಗೋಲ್‌ಕೀಪರನ ಬಗ್ಗೆ ವಾದ ನಡೆಯಿತು. ಅವನಿಗೆ ಇನ್ನೊಂದು ಅವಕಾಶ ಕೊಡಬೇಕೆಂದು ಅತ್ತೆ, ಸತ್ತರೂ ಇಲ್ಲವೆಂದು ಸೊಸೆ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಅತ್ತೆ ಸುಧಾರಿಸಿಕೊಂಡರು. ಒಂದು ಬಸ್ಸು ಬಂದು ನಿಂತಿತು. ಖಾಲಿಯಿತ್ತು.

"ಹತ್ತೋಣ್ವಾ?" ಎಂದಳು ಹಲ್ಲಕ್ಕ.

"ಎಲ್ಲಿಗೆ ಹೋಗುತ್ತೆ ಇದು?"

"ಗೊತ್ತಿಲ್ಲ."

ಅತ್ತೆ ವಾಕರನ್ನು ಮಡಚಿ ಅವಳ ಕೈಗೆ ಕೊಟ್ಟು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಮುಂದಿನ ಸೀಟಿನಲ್ಲಿ ಕಿಟಕಿಯ ಕಡೆ ಸೊಸೆಯನ್ನು ಕೂರಿಸಿ ತಾವು ಪಕ್ಕದಲ್ಲಿ ಕೂತರು. ಕಂಡಕ್ಟರ್ ಬಂದು ಎಲ್ಲಿಗೆಂದು ಕೇಳಿದ.

"ಕೊನೇ ಸ್ಟಾಪು ಯಾವುದೋ ಅಲ್ಲಿಗೆ ಎರಡು ಕೊಡಪ್ಪ," ಎಂದರು ಅತ್ತೆ. "ಹಾಗೇ ವಾಪಸ್ ಬರಕ್ಕೂ ಎರಡು."